ಅನ್ನ ಹಾಕಿದವರು

“ನಾವು ಅವರನ್ನು ಮನೆಮಕ್ಕಳ ಹಾಗೆ ಸಾಕಿದ್ದೆವು” ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ವಯನಾಡಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಪಣಿಯರ ಕುರಿತು ಆ ಮಾತು. ವಳ್ಳಿಯೂರುಕಾವಿನ ಉತ್ಸವದಲ್ಲಿ ದೇವಿಯ ಸಾಕ್ಷಿಯಾಗಿ ಮುಂಗಡ ಹಣ ಪಡೆದವರು ಮುಂದಿನ ಉತ್ಸವದವರೆಗೆ ಆ ಧಣಿಯ ಆಳು. ಭತ್ತ ಅಳೆದು ಕೊಡುತ್ತಿದ್ದೆವು, ಬಟ್ಟೆ ಕೊಡುತ್ತಿದ್ದೆವು ಎನ್ನುವಾಗ ಅಜ್ಜಿಯ ದನಿಯಲ್ಲಿ ಕಪಟವಿರಲಿಲ್ಲ. ಆ ಭತ್ತ ಬೆಳೆದವರು ಯಾರೆಂದು ನನಗೂ ಹೊಳೆಯಲಿಲ್ಲ.

ಇದೇ ಮಾತು ಮುಂದೆ ನನಗೆ ಅಮೆರಿಕದ ಗುಲಾಮಗಿರಿಯ ಚರಿತ್ರೆಯಲ್ಲಿ ಎದುರಾಯಿತು. ವರ್ಜೀನಿಯದ ಜಾರ್ಜ್ ಫಿಟ್ಸ್‌ಹ್ಯೂ 1857ರ ತನ್ನ ಪುಸ್ತಕದಲ್ಲಿ ವಾದಿಸಿದ್ದು ಹೀಗೆ: ಉತ್ತರದ ಕಾರ್ಖಾನೆಯ ಒಡೆಯ ಕಾಯಿಲೆ ಬಿದ್ದ ಕೂಲಿಯವನನ್ನು ಕೈಬಿಡುತ್ತಾನೆ, ಗುಲಾಮನ ಒಡೆಯನಾದರೋ ಮುಪ್ಪಿನವರೆಗೂ ಸಾಕುತ್ತಾನೆ. ಕಾರ್ಖಾನೆಯ ಬಗ್ಗೆ ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ವಾದದ ಬಲವಿರುವುದೂ ಅಲ್ಲಿಯೇ. ಪರರ ಕ್ರೌರ್ಯವನ್ನು ಸರಿಯಾಗಿ ತೋರಿಸಿದವನ ಅಂಗಳವನ್ನು ಯಾರೂ ಇಣುಕಿ ನೋಡುವುದಿಲ್ಲ.

ಅಷ್ಟು ಸುಖವಿದ್ದರೆ ಗುಲಾಮರು ಓಡಿಹೋದದ್ದೇಕೆ? ಇದಕ್ಕೆ ಲೂಯಿಸಿಯಾನದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ 1851ರಲ್ಲೇ ಉತ್ತರ ಕೊಟ್ಟಿದ್ದ. ಅದೊಂದು ಮನೋರೋಗವಂತೆ! ‘ಡ್ರಾಪೆಟೊಮೇನಿಯ’ ಎಂದು ಗ್ರೀಕ್ ಪದಗಳಿಂದ ಅದಕ್ಕೊಂದು ಹೆಸರನ್ನೂ ಕಟ್ಟಿದ. ಅವನು ಸೂಚಿಸಿದ ಉಪಾಯಗಳಲ್ಲಿ ಚಾಟಿಯೂ ಇತ್ತು.

ನಾನು ಬ್ಯಾಂಕಿನ ಗುಮಾಸ್ತ. ವಾದಕ್ಕಿಂತ ಲೆಕ್ಕದ ಪುಸ್ತಕವನ್ನು ಹೆಚ್ಚು ನಂಬುವವನು. 1831ರಿಂದ 1865ರವರೆಗೆ ಲೂಯಿಸಿಯಾನದ ಎರಡು ಬ್ಯಾಂಕುಗಳು ಸುಮಾರು 13,000 ಗುಲಾಮರನ್ನು ಸಾಲದ ಅಡವಾಗಿ ಒಪ್ಪಿಕೊಂಡಿದ್ದವು. ಸಾಲ ತೀರದೆ ಸುಮಾರು 1,250 ಮಂದಿ ಬ್ಯಾಂಕಿನ ಸೊತ್ತೇ ಆದರು. ಆ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡ ಜೆ.ಪಿ. ಮಾರ್ಗನ್ ಚೇಸ್ 2005ರಲ್ಲಿ ಇದನ್ನು ಒಪ್ಪಿ ಕ್ಷಮೆ ಕೇಳಿತು. ನಮ್ಮ ಮಲಬಾರಿನ ಲೆಕ್ಕವೂ ಬೇರೆಯಲ್ಲ. 1800–01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಲಾಮರನ್ನು ಕೈ ಬದಲಿಸುವ ಮೂರು ಬಗೆಗಳನ್ನು ಬರೆದಿಟ್ಟಿದ್ದಾನೆ: ಜನ್ಮಂ, ಕಾಣಂ, ಪಾಟ್ಟಂ. ಮಾರಾಟ, ಅಡವು, ಗೇಣಿ. ಎಲ್ಲ ಭೂಮಿಯ ಮಾತುಗಳೇ. ಸ್ವಂತ ಮಗನನ್ನು ಪಾಟ್ಟಕ್ಕೆ ಕೊಟ್ಟ ತಂದೆಯ ದಾಖಲೆ ಮಾತ್ರ ನಾನು ಎಲ್ಲಿಯೂ ಓದಿಲ್ಲ.

ಗುಲಾಮರ ಮೇಲಿನ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯಬಾರದೆಂದು 1843ರಲ್ಲೇ ಕಾನೂನಾಯಿತು. ಜೀತ ನಿಷೇಧದ ಕಾಯಿದೆ ಬರಲು 1976 ಆಗಬೇಕಾಯಿತು. ನಡುವಿನ ಅಷ್ಟೂ ವರ್ಷ ನಡೆದದ್ದು ‘ಸಾಕುವಿಕೆ’.

ಒಮ್ಮೆ ಅಜ್ಜಿಯನ್ನು ಕೇಳಿದ್ದೆ: “ವರ್ಷದ ನಡುವೆ ಅವರು ಬಿಟ್ಟು ಹೋಗುತ್ತೇವೆ ಎಂದಿದ್ದರೆ?”

ಅಜ್ಜಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಯಾಕೆ ಹೋಗಬೇಕು? ಇಲ್ಲಿ ಅವರಿಗೇನು ಕಡಿಮೆಯಾಗಿತ್ತು?”

ಆಗ ನಾನೂ ಅದನ್ನು ಉತ್ತರವೆಂದೇ ತಿಳಿದು ಸುಮ್ಮನಾಗಿದ್ದೆ.