ಅಂಚಿನಲ್ಲಿ ನಿಂತವರು

ಕ್ಷೇತ್ರಕಾರ್ಯಕ್ಕೆ ಹೋದ ಊರಿನಲ್ಲಿ ಒಂದು ಕುಟುಂಬದ ಫೋಟೋ ತೆಗೆದಿದ್ದೆ. ಜಗಲಿ ಚಿಕ್ಕದು, ಜನ 12. ಹಿಂದೆ ಸರಿಯಲು ಜಾಗವಿಲ್ಲದೆ ಮೊಬೈಲಿನ ಅಲ್ಟ್ರಾ ವೈಡ್ ಲೆನ್ಸಿಗೆ ಬದಲಿಸಿದೆ. ಎಲ್ಲರೂ ಚೌಕಟ್ಟಿನೊಳಗೆ ಬಂದರು. ಮುಂದಿನ ತಿಂಗಳು ಪ್ರಿಂಟ್ ಕೊಟ್ಟಾಗ, ಎಡತುದಿಯಲ್ಲಿ ನಿಂತಿದ್ದ ಅಜ್ಜಿ ಬಹಳ ಹೊತ್ತು ನೋಡಿ, 'ಇದ್ಯಾರು?' ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮುಖ ಅಡ್ಡಡ್ಡ ಹಿಗ್ಗಿಹೋಗಿತ್ತು.

ಇದು ಲೆನ್ಸಿನ ದೋಷವಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸು ಸುಮಾರು 46 ಡಿಗ್ರಿಯಷ್ಟು ನೋಡಿದರೆ, 24 ಮಿ.ಮೀ. ಲೆನ್ಸು 84 ಡಿಗ್ರಿ ನೋಡುತ್ತದೆ. ಅಷ್ಟು ಅಗಲದ ಲೋಕವನ್ನು ಚಪ್ಪಟೆ ಚಿತ್ರಕ್ಕೆ ಇಳಿಸುವಾಗ ಏನಾದರೊಂದು ತನ್ನ ಆಕಾರ ಕಳೆದುಕೊಳ್ಳಲೇಬೇಕು. ಸಾಮಾನ್ಯ ವೈಡ್ ಲೆನ್ಸು ನೇರ ಗೆರೆಗಳನ್ನು ನೇರವಾಗಿ ಉಳಿಸಿಕೊಳ್ಳುತ್ತದೆ. ಅದಕ್ಕೇ ಕಟ್ಟಡಗಳ ಫೋಟೋಕ್ಕೆ ಅದು ಒಳ್ಳೆಯದು. ಅದರ ಬೆಲೆಯಾಗಿ ಅಂಚಿನ ಆಕಾರಗಳು ಹಿಗ್ಗುತ್ತವೆ. ಫಿಶ್‌ಐ ಲೆನ್ಸಿನಲ್ಲಿ ಹೀಗಾಗುವುದಿಲ್ಲ, ಆದರೆ ಗೋಡೆಗಳು ಬಾಗುತ್ತವೆ. ಅಂದರೆ, ನನ್ನ ಫೋಟೋದಲ್ಲಿ ಗೋಡೆ ನೆಟ್ಟಗಿರಲೆಂದು ಅಜ್ಜಿ ಹಿಗ್ಗಿದ್ದರು.

ಎಲ್ಲರನ್ನೂ ಒಳಗೊಂಡರೆ ನ್ಯಾಯ ಸಂದಿತು ಎಂದು ನಾನು ನಂಬಿದ್ದೆ. ಸೆಮಿನಾರುಗಳಲ್ಲಿ ಹಾಗೆಯೇ ಮಾತಾಡಿದ್ದೇನೆ ಕೂಡ. ಒಳಗೊಳ್ಳುವುದಕ್ಕೂ ಒಂದು ಬೆಲೆಯಿದೆ, ಅದನ್ನು ತೆರುವವರು ಅಂಚಿನವರು ಎಂಬುದು ಹೊಳೆದಿರಲಿಲ್ಲ.

1941ರ 'ಸಿಟಿಜನ್ ಕೇನ್' ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ವೈಡ್ ಲೆನ್ಸುಗಳನ್ನು ಧಾರಾಳವಾಗಿ ಬಳಸಿದ. ಮಗನನ್ನು ಬ್ಯಾಂಕರೊಬ್ಬನ ವಶಕ್ಕೆ ಒಪ್ಪಿಸುವ ಕಾಗದಕ್ಕೆ ತಾಯಿ ಸಹಿ ಹಾಕುತ್ತಾಳೆ. ಹಿಂದಿನ ಕಿಟಕಿಯಾಚೆ ಹಿಮದಲ್ಲಿ ಹುಡುಗ ಆಡುತ್ತಿದ್ದಾನೆ. ಹತ್ತಿರದ ಮೇಜು, ದೂರದ ಹುಡುಗ ಎರಡೂ ಸ್ಪಷ್ಟ. ಆದರೆ ಯಾರ ಬದುಕು ತೀರ್ಮಾನವಾಗುತ್ತಿದೆಯೋ ಅವನೇ ಅಲ್ಲಿ ಎಲ್ಲರಿಗಿಂತ ಚಿಕ್ಕವನು. ಅಲ್ಲಿ ಆ ಚಿಕ್ಕತನವನ್ನು ಬೇಕೆಂದೇ ತಂದಿದ್ದಾರೆ, ನೋಡುವವರಿಗೆ ಅದು ಚುಚ್ಚುತ್ತದೆ. ನಾನಾದರೋ ಅಂಚಿನತ್ತ ನೋಡಿಯೇ ಇರಲಿಲ್ಲ.

ಪ್ರಬಂಧದ ಕರಡು ತೆರೆದೆ. ಎರಡು ಗಂಟೆ ಮಾತಾಡಿದ್ದ ಅಜ್ಜಿ ಅಲ್ಲಿ ಒಂದು ಅಡಿಟಿಪ್ಪಣಿಯಲ್ಲಿದ್ದರು. ನನ್ನ ವಾದದ ಗೋಡೆ ನೆಟ್ಟಗಿರಲೆಂದು ಅವರ ಮಾತನ್ನೂ ಎಳೆದು ಹಿಗ್ಗಿಸಿದ್ದೆ.

ಮತ್ತೆ ಹೋದಾಗ ಅದೇ ಜಗಲಿಯಲ್ಲಿ, ಅದೇ ಲೆನ್ಸಿನಲ್ಲಿ ಇನ್ನೊಂದು ಫೋಟೋ ತೆಗೆದೆ. ಎರಡು ಸಾಲು ಮಾಡಿಸಿ, ಅಜ್ಜಿಯನ್ನು ನಡುವೆ ಕೂರಿಸಿದೆ. ಅಂಚಿಗೆ ಕಂಬಗಳಷ್ಟೇ ಬಂದವು. ಐದು ನಿಮಿಷ ಹೆಚ್ಚು ಹಿಡಿಯಿತು. ಅಡಿಟಿಪ್ಪಣಿಗೆ ಇನ್ನೂ ಹೆಚ್ಚು ಹಿಡಿಯಲಿದೆ.