ಮನ್ಯಾಗ ಮಾಡಿದ್ದು

ಕಳೆದ ಡಿಸೆಂಬರ್‌ನಲ್ಲಿ ಒಂದು ವಾರ ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಹೋಗಿದ್ದೆ. ಹುನಗುಂದ ತಾಲೂಕಿನ ಸಣ್ಣ ಹಳ್ಳಿ ನಮ್ದು. ಜೋಳದ ಹೊಲದ ಕಡೆಯಿಂದ ಬೀಸೋ ಗಾಳಿಗೆ ರಾತ್ರಿ ಲ್ಯಾಪ್‌ಟಾಪ್ ಮೇಲೆ ಕೈ ಓಡುತ್ತಿರಲಿಲ್ಲ. ಅವ್ವ ಕಷಾಯಕ್ಕೆ ಇಡಾಕ ಎದ್ದಳು. "ಇವತ್ತ ನಾ ಮಾಡ್ತೀನಿ, ನೀ ಕುಂದರು" ಅಂದೆ. ಬೆಂಗಳೂರಿನಿಂದ ಒಂದು ಡಬ್ಬಿ ಕೋಕೋ ಪುಡಿ ತಂದಿದ್ದೆ.

ಮಾಡೋದು ಸುಲಭ. ಎರಡು ಚಮಚ ಕೋಕೋ ಪುಡಿಯನ್ನು ಮೊದಲು ಸ್ವಲ್ಪೇ ಬಿಸಿ ಹಾಲಲ್ಲಿ ಕಲಸಬೇಕು, ಇಲ್ಲಾಂದ್ರೆ ಗಂಟು ಕಟ್ಟುತ್ತೆ. ಆಮೇಲೆ ಎರಡು ಕಪ್ ಹಾಲಿಗೆ ಅದನ್ನ ಹಾಕಿ, ಚಕ್ಕೆ, ಯಾಲಕ್ಕಿ, ಒಣಶುಂಠಿ, ಒಂದು ಚಿಟಿಕೆ ಬ್ಯಾಡಗಿ ಮೆಣಸಿನಪುಡಿ ಸೇರಿಸಿ ಕುದಿಸೋದು. ಬೆಲ್ಲ ಮಾತ್ರ ಒಲೆ ಆರಿಸಿದ ಮೇಲೆ. ಮೊದಲೇ ಹಾಕಿದ್ರೆ ಹಾಲು ಒಡೆಯಬಹುದು.

ಅವ್ವ ಒಂದು ಗುಟುಕು ಕುಡಿದಳು. "ನಮ್ಮ ಕಷಾಯಕ್ಕ ಕರೇ ಬಣ್ಣ ಹಚ್ಚಿದಂಗ ಐತಿ. ಛಲೋ ಐತಿ ಬಿಡು. ಪ್ಯಾಟ್ಯಾಗ ಎಷ್ಟ ಇದಕ್ಕ?"

"ಬೆಂಗ್ಳೂರಾಗ ಒಂದ್ ಕಪ್ಪಿಗೆ 300 ರೂಪಾಯಿ ಕೊಟ್ಟೀನಿ. ಇದು ಮನ್ಯಾಗ ಮಾಡಿದ್ದಲ್ಲ, ಮೂವತ್ತರಾಗ ಮುಗೀತು."

"ಇದನ್ನ ಬೆಳದಾವ್ರು ಇದನ್ನ ಕುಡೀತಾರೇನು?"

ನಾನು ಸುಮ್ಮನಾದೆ. ಡಬ್ಬಿ ತಿರುಗಿಸಿ ನೋಡಿದೆ. ಎಲ್ಲಿ ಬೆಳೆದ ಕೋಕೋ ಅಂತ ಅದರ ಮೇಲೆ ಬರೆದಿರಲಿಲ್ಲ.

ಅವ್ವ ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಅವಳ ತವರು ಇಳಕಲ್, ನೇಕಾರರ ಮನೆ. ಸಣ್ಣಾಕಿ ಇದ್ದಾಗಿನಿಂದ ಕಂಡಿಕಿ ಸುತ್ತಿದಾಕಿ, ಸೆರಗಿನ ಹಾಸಿಗೂ ಒಡಲಿನ ಹಾಸಿಗೂ ಕೊಂಡಿ ಹಾಕಿದಾಕಿ. "ನಮ್ಮನ್ಯಾಗ ರೇಷ್ಮಿ ಸೀರಿ ಎಷ್ಟ ನೇದೇವಿ. ನನ್ನ ಮದಿವ್ಯಾಗ ನಾ ಉಟ್ಟಿದ್ದು ಹತ್ತೀದು" ಅಂದಳು. ದುಃಖದಿಂದ ಹೇಳಿದ್ದಲ್ಲ, ಲೆಕ್ಕ ಒಪ್ಪಿಸಿದಂಗೆ ಹೇಳಿದಳು.

ಮಲಗೋಕೆ ಹೋದ ಮೇಲೂ ತಲೆಯಲ್ಲಿ ಅದೇ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬರೋದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾದಿಂದ. ಆ ಎರಡು ದೇಶಗಳ ಕೋಕೋ ತೋಟಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ದುಡಿಯುತ್ತಿದ್ದಾರೆ ಅಂತ ಶಿಕಾಗೋ ವಿಶ್ವವಿದ್ಯಾಲಯದ ಒಂದು ಸಂಸ್ಥೆ 2020ರಲ್ಲಿ ಅಂದಾಜು ಮಾಡಿತ್ತು. ನಾನು 'ಮನ್ಯಾಗ ಮಾಡಿದ್ದು' ಅಂದದ್ದರಲ್ಲಿ ಮನೆಯದು ಎಷ್ಟು? ಕುದಿಸಿದ್ದಷ್ಟೇ. ಅಷ್ಟು ದೂರ ಯಾಕೆ, ನಮ್ಮದೇ ಅನ್ನೋ ಮೆಣಸಿನಕಾಯಿನೂ ಪರದೇಶದ್ದು. ಆರನೇ ಶತಮಾನದಲ್ಲಿ ಬಾದಾಮಿಯ ಗುಹೆ ಕೊರೆದವರು ಖಾರಕ್ಕೆ ಕಾಳುಮೆಣಸು ತಿಂದಿರಬೇಕು, ಮೆಣಸಿನಕಾಯಿಯಂತೂ ಕಂಡಿರಲಿಲ್ಲ.

ಹಾಗಾದ್ರೆ ಕುಡಿಯೋದು ಬಿಟ್ಟುಬಿಡಬೇಕಾ? ಮೊದಲು ಹಾಗೇ ಅನ್ನಿಸಿತು. ಆದ್ರೆ ಬಿಟ್ಟರೆ ಏನಾಗುತ್ತೆ ಅನ್ನೋದು ನಮ್ಮ ರಾಜ್ಯಕ್ಕೇ ಗೊತ್ತು. 1979-80ರ ಹೊತ್ತಿಗೆ ಕೋಕೋ ಬೆಲೆ ಬಿದ್ದು, ಖಾಸಗಿಯವರು ಖರೀದಿಯಿಂದ ಹಿಂದೆ ಸರಿದಾಗ, ದಕ್ಷಿಣ ಕನ್ನಡದ ಅಡಿಕೆ ತೋಟದೊಳಗೆ ಕೋಕೋ ಗಿಡ ಹಾಕಿದ್ದ ರೈತರು ಕಂಗಾಲಾದರು. ಆಗ ಕೊಳ್ಳೋಕೆ ಮುಂದೆ ಬಂದದ್ದು ಕ್ಯಾಂಪ್ಕೋ, ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ್ದ ಸಹಕಾರಿ ಸಂಘ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ಕಟ್ಟಿತು. ಅಂದ್ರೆ ನಾನು ಕಪ್ ಕೆಳಗಿಟ್ಟ ಮಾತ್ರಕ್ಕೆ ಬೆಳೆದವನ ಹೊಟ್ಟೆ ತುಂಬಲ್ಲ. ಅವನಿಗೆ ಬೇಕಿರೋದು ನ್ಯಾಯವಾದ ಬೆಲೆ ಕೊಡೋ ಗಿರಾಕಿ.

ನಾನು ಸಾಫ್ಟ್‌ವೇರ್ ಕೆಲಸದವನು. ನಾವು ಬೇರೆಯವರ ಓಪನ್ ಸೋರ್ಸ್ ಕೋಡ್ ಬಳಸಿದರೆ, ಬರೆದವರ ಹೆಸರಿರೋ ಲೈಸೆನ್ಸ್ ಫೈಲನ್ನು ಜೊತೆಗೆ ಇಟ್ಟುಕೊಳ್ಳಬೇಕು. ಹಾಲಿನ ಕಪ್ಪಿಗಾಗಲಿ, ಸೀರೆಗಾಗಲಿ ಅಂಥ ಫೈಲ್ ಇಲ್ಲ. ಎಲ್ಲ ಕೈಗಳ ಲೆಕ್ಕ ಇಡೋದು ಯಾರಿಂದಲೂ ಆಗಲ್ಲ, ನಿಜ. ಆದ್ರೆ ಅದೇ ನೆವ ಹೇಳಿ, ಎದುರಿಗೇ ಇರೋ ಕೈಯನ್ನೂ ನೋಡದೆ ಇರೋದು ಸರೀನಾ?

ಇದನ್ನ ಕೇಳೋಕೆ ಕಾರಣ ಇದೆ. ಹಿಂದಿನ ವರ್ಷ ಹೆಂಡತಿಗೆ ಅಂತ ಇಳಕಲ್‌ನಲ್ಲಿ ಒಬ್ಬ ನೇಕಾರರ ಮನೆಗೇ ಹೋಗಿ ಸೀರೆ ತಂದಿದ್ದೆ. ಅರ್ಧ ತಾಸು ಚೌಕಾಸಿ ಮಾಡಿ 400 ರೂಪಾಯಿ ಇಳಿಸಿದ್ದೆ. ಮನೆಗೆ ಬಂದು ಅದನ್ನೇ ದೊಡ್ಡ ಸಾಧನೆ ಅನ್ನೋ ಹಂಗೆ ಎಲ್ಲರಿಗೂ ಹೇಳಿದ್ದೆ. ಅವ್ವನೂ ಅಲ್ಲೇ ಕೂತಿದ್ದಳು, ಸೀರೆ ಸೆರಗು ಹಿಡಿದು ಕೊಂಡಿ ನೋಡ್ತಾ. ಅವತ್ತು ಏನೂ ಅನ್ನಲಿಲ್ಲ.

ಮರುದಿನ ರಾತ್ರಿ ಅವಳೇ ಡಬ್ಬಿ ತಂದು ನನ್ನ ಮುಂದಿಟ್ಟಳು. "ಬೆಲ್ಲ ಒಂಚೂರು ಜಾಸ್ತಿ ಹಾಕು." ಹಾಲು ಕಾಯಿಸ್ತಾ ಹೇಳಿದೆ, "ಯವ್ವಾ, ಆ ಸೀರಿಗೆ ನಾ ಕಮ್ಮಿ ಕೊಟ್ಟೆ."

"ಗೊತ್ತೈತಿ" ಅಂದಳು. "ಮುಂದಿನ ಸಲ ಹೋಗೂಮುಂದ ನನ್ನ ಕರಕೊಂಡ ಹೋಗು."