ಅವನ ‘ಬ್ಯಾಡ’

ನನ್ನ ಮಗನಿಗೆ ಈಗ ಹನ್ನೊಂದು ವರ್ಷ. ಕಿವಿ ಬಲು ಚುರುಕು. ಓಣಿಯ ತುದಿಯಲ್ಲಿ ಅವರಪ್ಪನ ಗಾಡಿ ಸದ್ದಾದರೆ ಬಾಗಿಲಿಗೆ ಓಡುತ್ತಾನೆ. ಮಾತು ಮಾತ್ರ ಬಂದಿಲ್ಲ. ಡಾಕ್ಟರರು ಆಟಿಸಂ ಅಂದರು, ಓಣಿಯವರು ಮೂಗ ಅಂದರು. ನಾನು ‘ಅವನ ಬಾಯಿ ನಾನ ಅದೀನಿ’ ಅನ್ನುತ್ತಿದ್ದೆ. ಅವನು ಕೇಳುವ ಮೊದಲೇ ಕೊಡುವುದು ತಾಯ್ತನ ಎಂಬುದು ನನ್ನ ಹೆಮ್ಮೆ.

ಅವನ ಎಂಟನೆಯ ವರ್ಷದಲ್ಲಿ, ನಾದಿನಿಯ ಮಗಳ ಮದುವೆಯ ದಿನ, ಆ ಹೆಮ್ಮೆ ಮುರಿಯಿತು. ಹೊಸ ಅಂಗಿ ತೊಡಿಸಿದ್ದೆ. ಅವನು ಕಿರುಚಿ ನೆಲದ ಮೇಲೆ ಹೊರಳಾಡಿದ. ‘ಗದ್ದಲಕ್ಕ ಅಂಜ್ಯಾನ’ ಎಂದು ಬಂದವರಿಗೆಲ್ಲ ಹೇಳಿದೆ. ಕಡೆಗೆ ನಾಚಿಕೆ ತಾಳಲಾರದೆ ಒಂದು ಏಟೂ ಕೊಟ್ಟೆ. ರಾತ್ರಿ ಅಂಗಿ ಬಿಚ್ಚಿದರೆ ಕಾಲರಿನೊಳಗೆ ತೆಗೆಯಲು ಮರೆತ ಗುಂಡುಸೂಜಿ. ಕುತ್ತಿಗೆಯ ಮೇಲೆ ನೆತ್ತರು ಒಣಗಿತ್ತು.

ಮಾತಾಡಲಾರದವರ ಪರವಾಗಿ ಮಾತಾಡುವ ಹಕ್ಕು ಪ್ರೀತಿಯೊಂದರಿಂದಲೇ ಬಂದುಬಿಡುತ್ತದೆಯೆ?

ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅವನನ್ನು ಕರೆದೊಯ್ದೆವು. ಚಿತ್ರಗಳ ಹಲಗೆಯ ಬಳಕೆ ಕಲಿಸಿದರು: ನೀರು, ರೊಟ್ಟಿ, ನೋವು, ಸಾಕು, ಬೇಡ. ಚಿತ್ರ ತೋರಿಸುವ ರೂಢಿಯಾದರೆ ಮಾತೇ ಬಾರದೇನೋ ಎಂಬ ಅಂಜಿಕೆ ನನಗಿತ್ತು. ಹಾಗಾಗುವುದಿಲ್ಲ, ಕೆಲವು ಮಕ್ಕಳಿಗೆ ಮಾತಿಗೂ ಅದು ಆಸರೆಯಾಗುತ್ತದೆ ಎಂದು ತಿಳಿಯಿತು. ನಾನು ಮಾತಾಡುವಾಗ ನಾನೂ ಚಿತ್ರಕ್ಕೆ ಬೆರಳಿಡಬೇಕು, ಆಮೇಲೆ ಸುಮ್ಮನೆ ಕಾಯಬೇಕು. ಬೆರಳಿಡುವುದು ಸುಲಭವಾಯಿತು. ಕಾಯುವುದು ನನಗೆ ಬರಲೇ ಇಲ್ಲ, ಬಹಳ ದಿನ.

ಏಳೆಂಟು ತಿಂಗಳ ಮೇಲೆ ಒಂದು ಸಂಜೆ ದಾಳಿಂಬೆ ಬಿಡಿಸಿ ಕಾಳು ಅವನ ಬಾಯಿಗೆ ಇಡಹೋದೆ. ಅವನು ಹಲಗೆ ಎಳೆದುಕೊಂಡು ‘ಬೇಡ’ದ ಮೇಲೆ ಬೆರಳಿಟ್ಟ. ‘ಕಲಾದಗ್ಯಾಗ ಹುಟ್ಟಿ ದಾಳಿಂಬ್ರಿ ಬ್ಯಾಡಂತಾನಲ್ಲವ್ವ!’ ಎಂದು ಅತ್ತೆಯವರು ನಕ್ಕರು. ನನಗೆ ಅಳು ಬಂತು. ಇಷ್ಟು ವರ್ಷ ತಿನ್ನಿಸಿದ್ದೆ, ಒಂದು ದಿನವೂ ಕೇಳಿರಲಿಲ್ಲ.

ಹಾಗಾದರೆ ಅವನ ಬೇಡವೆಲ್ಲ ನಡೆಯಬೇಕೆ? ಜ್ವರದ ಔಷಧಕ್ಕೂ ಅವನದು ಬೇಡವೇ. ಕುಡಿಸದೆ ಬಿಡಲಾಗದು. ಆದರೆ ಬೇಡವನ್ನು ನಡೆಸದಿರುವುದು ಬೇರೆ, ಕೇಳಿಸಿಕೊಳ್ಳದಿರುವುದು ಬೇರೆ. ‘ಬ್ಯಾಡಂದಿ, ಗೊತ್ತಾತಪ್ಪ. ಜ್ವರ ಇಳೀಬೇಕಲ್ಲ?’ ಎಂದು ಹೇಳಿ ಕುಡಿಸುತ್ತೇನೆ. ದಾಳಿಂಬೆಯ ಮಾತು ಬಂದಾಗ ಸೋಲಬೇಕಾದವಳು ನಾನೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಬಾಯಿಮಾತನ್ನಷ್ಟೇ ಸಂವಹನ ಎನ್ನುವುದಿಲ್ಲ. ಸನ್ನೆ, ಮಾತಿಗೆ ಬದಲಾದ ಬೇರೆ ದಾರಿಗಳು, ಎಲ್ಲವೂ ಅದರಲ್ಲಿ ಸೇರಿವೆ. ಕಾಯ್ದೆ ಒಪ್ಪಿದ್ದನ್ನು ಒಪ್ಪಲು ತಾಯಿಗೆ ತಡವಾಯಿತು. ಅವನ ಸನ್ನೆ ನನಗೊಬ್ಬಳಿಗೇ ತಿಳಿಯುತ್ತದೆಂದು ಬೀಗುತ್ತಿದ್ದೆನಲ್ಲ, ನಾನಿಲ್ಲದ ದಿನ ಅವನ ಗತಿಯೇನೆಂದು ಯೋಚಿಸಿರಲಿಲ್ಲ.

ಮೊನ್ನೆ ಪಕ್ಕದ ಮನೆಯಾಕೆ, ‘ನಿಮ್ಮ ಹುಡುಗ ಚಹಾ ಕುಡೀತಾನೇನ್ರೀ?’ ಎಂದು ನನ್ನನ್ನು ಕೇಳಿದರು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡು ಹಲಗೆ ಅವರ ಕೈಗಿತ್ತೆ.

‘ಅವನ್ನ ಕೇಳ್ರಿ’ ಅಂದೆ.